ಅತ್ತೆಯನ್ನು ಹೊತ್ತು ಲೈಡನ್ನಿಗೆ

ಖಾನಾಪುರ

ಪರದೇಶಕ್ಕೆ ಹೊರಟ ಸೊಸೆಯರಿಗೆ ಅತ್ತೆಯಿಂದ ನಾಲ್ಕು ದಿನ ಬಿಡುವು ಸಿಗುತ್ತದಂತೆ. ನನಗೆ ಆ ಭಾಗ್ಯ ಇರಲಿಲ್ಲ. ನಮ್ಮ ಅತ್ತೆ ನನ್ನ ಹೊಟ್ಟೆಯ ಬಲಗಡೆ, ಚರ್ಮದ ಅಡಿಯಲ್ಲೇ, ಆರಾಮಾಗಿ ಕೂತಿದ್ದರು. ನಾಲ್ಕು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ತಮ್ಮದೊಂದನ್ನು ತೆಗೆದುಕೊಟ್ಟವರು ಅವರೇ. ಹಾಗಾಗಿ ನಾನು ಹಾಲೆಂಡಿಗೆ ಹೋಗಿದ್ದೆ ಎಂದು ಯಾರಾದರೂ ಅಂದರೆ ಅದು ಪೂರ್ತಿ ನಿಜವಲ್ಲ. ಇಬ್ಬರೂ ಹೋಗಿದ್ದೆವು, ಟಿಕೆಟ್ ಮಾತ್ರ ಒಂದು.

ಅತ್ತೆಯ ಹೆಸರು ಗಂಗವ್ವ. ಖಾನಾಪುರದಲ್ಲಿ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಮನೆ. ದೊಡ್ಡ ಮಗನ ಸಂಸಾರದ ಜೊತೆ ಇರುತ್ತಾರೆ. ಇರುತ್ತಾರೆ ಅನ್ನುವುದಕ್ಕಿಂತ ಆಳುತ್ತಾರೆ ಅನ್ನುವುದು ಸರಿ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗ ಮಾತ್ರ ಆ ಮನೆಯಲ್ಲಿ ಅವರ ಧ್ವನಿ ಕೇಳಿಸುವುದಿಲ್ಲ. ಬೈಗುಳವನ್ನು ಕನ್ನಡದಲ್ಲಿ ಶುರು ಮಾಡಿ, ಪಕ್ಕದ ಮನೆಯವರಿಗೂ ತಿಳಿಯಲಿ ಎಂದು ಮರಾಠಿಯಲ್ಲಿ ಮುಗಿಸುವವರು.

ನನ್ನ ಗಂಡ ಶಿವಾನಂದ ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಹೈಸ್ಕೂಲಿನ ಗಣಿತದ ಮಾಸ್ತರು. ನಾನು ಮೆಡಿಕಲ್ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. ನಮ್ಮಿಬ್ಬರ ಮನೆ ಶಿವಬಸವ ನಗರದಲ್ಲಿ. ಕಿಡ್ನಿ ಬೇಕಾದಾಗ ಗಂಡನ ರಕ್ತದ ಗುಂಪು ನನಗೆ ಹೊಂದಲಿಲ್ಲ, ನನ್ನ ತಾಯಿ ತೀರಿಕೊಂಡಿದ್ದರು, ತಂದೆಗೆ ಸಕ್ಕರೆ ಕಾಯಿಲೆ. ಆಗ ಅತ್ತೆ, "ನಂದು ನೋಡ್ರಿ" ಎಂದು ಮುಂದೆ ಬಂದರು. ರಕ್ತಸಂಬಂಧ ಇಲ್ಲದ ಕಾರಣ ಅಂಗದಾನದ ಸರ್ಕಾರಿ ಸಮಿತಿಯ ಮುಂದೆ ಹಾಜರಾಗಿ ಒಪ್ಪಿಗೆ ಪಡೆಯಬೇಕಿತ್ತು. ಅತ್ತೆ ಸೊಸೆಗೆ ಕಿಡ್ನಿ ಕೊಡುತ್ತಾಳೆ ಎಂದರೆ ಯಾವ ಸಮಿತಿ ನಂಬೀತು? ಒಬ್ಬರು ಮೆತ್ತಗೆ, "ತಾಯಿ, ನಿಮಗೆ ಯಾರಾದರೂ ಒತ್ತಾಯ ಮಾಡಿದ್ದಾರೆಯೆ?" ಎಂದು ಕೇಳಿದರು.

"ನನಗ ಜೋರ್ ಮಾಡಾವ್ರು ಇನ್ನಾ ಹುಟ್ಟಿಲ್ರಿ ಸಾಹೇಬ್ರ" ಎಂದರು ಅತ್ತೆ. ಅವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು.

ಆಪರೇಷನ್ನಿನ ಹಿಂದಿನ ದಿನ ಅತ್ತೆ ಒಂದು ಹರಕೆ ಹೊತ್ತರು. ಅವರ ಹಿತ್ತಲಲ್ಲಿ ಒಂದು ಚಕ್ಕೋತದ ಗಿಡ ಇದೆ. ಆ ಹಣ್ಣೆಂದರೆ ಅವರಿಗೆ ಪ್ರಾಣ. ಮದುವೆಯಾಗಿ ಬಂದ ವರ್ಷ ತಾವೇ ನೆಟ್ಟದ್ದಂತೆ. "ಸೊಸಿ ರಿಪೋರ್ಟ್ ನೆಟ್ಟಗ ಆಗೂತನಕ ನಾ ಚಕ್ಕೋತ ಬಾಯಾಗ ಇಡೂದಿಲ್ಲ" ಎಂದು ಮಠಕ್ಕೆ ಹೋಗಿ ಗದ್ದುಗೆಯ ಮುಂದೆ ಹೇಳಿ ಬಂದರು. ಗಿಡ ಹರಕೆ ಹೊತ್ತಿರಲಿಲ್ಲವಲ್ಲ, ಅದು ಮೊದಲಿಗಿಂತ ಜೋರಾಗಿ ಬಿಡತೊಡಗಿತು. ಹಣ್ಣೆಲ್ಲ ನನ್ನ ಪಾಲಿಗೆ ಬಂತು. ಚೌತಿಯಿಂದ ಸಂಕ್ರಾಂತಿಯವರೆಗೆ ಬೆಳಗಾವಿಗೆ ಹೊರಟ ಯಾರ ಕೈಯಲ್ಲಾದರೂ ಚೀಲ ಕೊಟ್ಟು ಕಳಿಸುವರು. ದಿನಕ್ಕೊಂದು ಹಣ್ಣು ತಿಂದು ತಿಂದು ನನ್ನ ಹಲ್ಲು ಚಳಿತು ಹೋದವು. ಆದರೆ ಕಿಡ್ನಿ ಇಸಿದುಕೊಂಡವಳು ಹಣ್ಣು ಬೇಡ ಎನ್ನುವುದು ಹೇಗೆ?

ರಿಪೋರ್ಟು ಮಾತ್ರ ನೆಟ್ಟಗಾಗಲಿಲ್ಲ. ಬೇರೆಯವರ ಅಂಗ ಒಳಗೆ ಬಂದರೆ ನಮ್ಮ ರಕ್ತದಲ್ಲಿರುವ ಕಾವಲು ಕೋಶಗಳು ಅದನ್ನು ವೈರಿ ಎಂದು ಹೊಡೆಯಲು ಏಳುತ್ತವೆ. ಅವನ್ನು ಸುಮ್ಮನಿರಿಸಲು ನಾನು ಎರಡು ಹೊತ್ತು ಸೈಕ್ಲೋಸ್ಪೋರಿನ್ ಎಂಬ ಗುಳಿಗೆ ನುಂಗಬೇಕು. ಕಡಿಮೆಯಾದರೆ ಕಿಡ್ನಿಯನ್ನು ಕೋಶಗಳು ತಿನ್ನುತ್ತವೆ, ಹೆಚ್ಚಾದರೆ ಗುಳಿಗೆಯೇ ತಿನ್ನುತ್ತದೆ. ನನ್ನ ರಕ್ತದಲ್ಲಿ ಅದರ ಮಟ್ಟ ಒಮ್ಮೆ ಆಕಾಶಕ್ಕೆ ಏರುತ್ತಿತ್ತು, ಒಮ್ಮೆ ಪಾತಾಳಕ್ಕೆ ಇಳಿಯುತ್ತಿತ್ತು. ಅತ್ತೆಯ ಕಿಡ್ನಿ ಈ ಹಗ್ಗಜಗ್ಗಾಟದಲ್ಲಿ ವರ್ಷವರ್ಷಕ್ಕೆ ಸೊರಗುತ್ತಿತ್ತು. "ಗುಳಿಗಿ ಟೈಮಿಗೆ ತಗೋತೀರಿ ಹೌದಲ್ಲೋ ಮೇಡಂ?" ಎಂದು ಬೆಳಗಾವಿಯ ಡಾಕ್ಟರು ಪ್ರತಿ ಸಲ ಕೇಳುವರು. ಗಡಿಯಾರ ಹಿಡಿದು ಕೂರುವ ಗಣಿತದ ಮಾಸ್ತರನ್ನು ಮದುವೆಯಾದವಳಿಗೆ ಈ ಪ್ರಶ್ನೆ! ಇದು ಹೋದರೆ ಹೋಗುವುದು ನನ್ನ ಕಿಡ್ನಿ ಅಲ್ಲ, ಅವರದು ಎಂಬ ಯೋಚನೆ ನನ್ನನ್ನು ಹಿಂಡುತ್ತಿತ್ತು. ಇನ್ನೊಬ್ಬ ಅತ್ತೆಯನ್ನು ಎಲ್ಲಿಂದ ತರಲಿ?

ಆ ಹೊತ್ತಿಗೆ ಹಾಲೆಂಡಿನ ಲೈಡನ್ ಊರಿನ ಒಂದು ಪ್ರಯೋಗಾಲಯದಿಂದ ಕರೆ ಬಂತು. ಮೂರು ತಿಂಗಳು ಅಲ್ಲಿದ್ದು ರಕ್ತದ ಕೋಶಗಳನ್ನು ಎಣಿಸುವ ಹೊಸ ವಿದ್ಯೆ ಕಲಿಯಬೇಕು, ಕಲಿತು ಬಂದು ಕಾಲೇಜಿನಲ್ಲಿ ಕಲಿಸಬೇಕು. ಹೊರಡುವ ದಿನ ಅತ್ತೆ ಒಂದು ಸ್ಟೀಲಿನ ಡಬ್ಬಿ ಕೈಗಿಟ್ಟರು. ಒಳಗೆ ಸುಲಿದ ಚಕ್ಕೋತದ ತೊಳೆಗಳು, ಒಂದೊಂದರ ಪೊರೆಯನ್ನೂ ಬಿಡಿಸಿ ಮುತ್ತಿನಂತೆ ಜೋಡಿಸಿದ್ದರು.

"ದಾರ್ಯಾಗ ತಿನ್ನು. ಚೆಲ್ಲಿಗಿಲ್ಲಿ ಬಂದಿ ನೋಡು."

ಆಕಾಶದಲ್ಲಿ

ವಿಮಾನದಲ್ಲಿ ಪಕ್ಕದ ಸೀಟಿನ ಗುಜರಾತಿ ಅಜ್ಜ ನನ್ನ ಡಬ್ಬಿ ನೋಡಿ ತಲೆ ಆಡಿಸಿದರು. ಮಗಳ ಮನೆಗೆ ಹಲವು ಸಲ ಹೋಗಿ ಬಂದವರು. "ಹಣ್ಣನ್ನು ಒಳಗೆ ಬಿಡುವುದಿಲ್ಲ, ಕಸಿದುಕೊಂಡು ಕಸದ ಬುಟ್ಟಿಗೆ ಹಾಕುತ್ತಾರೆ. ನನ್ನ ಹೆಂಡತಿಯ ಉಪ್ಪಿನಕಾಯಿ ಹಾಗೇ ಹೋಯಿತು" ಎಂದರು. ಅತ್ತೆಯ ಹಣ್ಣು ಪರದೇಶದ ಕಸದ ಬುಟ್ಟಿಗೆ? ಅವರು ಖಾನಾಪುರದಲ್ಲಿ ಕೂತೇ ಕಂಡುಹಿಡಿದಾರು ಅನ್ನಿಸಿತು. ಅಜ್ಜನಿಗೆ ಕೊಡಹೋದರೆ ಹುಳಿ ಆಗದು ಎಂದರು. ಕೆಳಗೆ ಮರುಭೂಮಿಯೋ ಸಮುದ್ರವೋ ಕತ್ತಲಲ್ಲಿ ಹಾದುಹೋಗುತ್ತಿರುವಾಗ ಒಂದಿಡೀ ಹಣ್ಣನ್ನು ಒಬ್ಬಳೇ ಮುಗಿಸಿದೆ. ಕೊನೆಯ ತೊಳೆಗಳನ್ನು ನುಂಗುವಾಗ ಕಣ್ಣಲ್ಲಿ ನೀರು. ಪಾಪದ ಗಗನಸಖಿ ಊರು ಬಿಟ್ಟ ದುಃಖ ಎಂದುಕೊಂಡು ಒಂದು ಕರವಸ್ತ್ರ ತಂದುಕೊಟ್ಟಳು.

ಆಮ್‌ಸ್ಟರ್‌ಡ್ಯಾಮಿನಲ್ಲಿ ನನ್ನ ಚೀಲವನ್ನು ಯಾರೂ ಬಿಚ್ಚಿಸಲಿಲ್ಲ. ಮುಟ್ಟಲೂ ಇಲ್ಲ.

ಲೈಡನ್, ಅನ್ನೆಕಳ ಮನೆ

ಲೈಡನ್ನಿನಲ್ಲಿ ಬೀದಿ ಎಷ್ಟಿವೆಯೋ ಕಾಲುವೆ ಅಷ್ಟಿವೆ. ಜನ ಎಷ್ಟಿದ್ದಾರೋ ಸೈಕಲ್ ಅದಕ್ಕಿಂತ ಹೆಚ್ಚು. ನಾನು ಬಾಡಿಗೆಗೆ ಇಳಿದದ್ದು ಅನ್ನೆಕ ಎಂಬ ಅರವತ್ತೈದರ ಹೆಂಗಸಿನ ಮನೆಯ ಮಹಡಿಯಲ್ಲಿ. ಮಹಡಿಗೆ ಹೋಗುವ ಮೆಟ್ಟಿಲು ನಮ್ಮ ಕಡೆ ಅಟ್ಟಕ್ಕೆ ಹಾಕುವ ಏಣಿಯಷ್ಟೇ ಕಡಿದು. ಹತ್ತುವಾಗ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಅತ್ತೆಯ ಮೇಲೆ.

ಮೊದಲ ದಿನ ಅನ್ನೆಕ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ಒಂದು ತೆಗೆದುಕೊಂಡೆ. ಟಪ್ ಎಂದು ಮುಚ್ಚಳ ಮುಚ್ಚಿ ಡಬ್ಬಿಯನ್ನು ಕಪಾಟಿನಲ್ಲಿಟ್ಟಳು. ನಾನು ಬೆಪ್ಪಾದೆ. ನಮ್ಮಲ್ಲಿ ಹೀಗೆ ಮಾಡಿದರೆ ಬೀಗರು ಎದ್ದು ಹೋಗುತ್ತಾರೆ. ನಮ್ಮ ಕಡೆ ಊಟಕ್ಕೆ ಕೂತವನು "ಸಾಕು" ಅಂದರೆ ಅದು ಇನ್ನೊಂದು ಹೋಳಿಗೆ ಬಡಿಸಿ ಎಂಬುದರ ಸೂಚನೆ. ಎಲೆಯ ಮೇಲೆ ಅಡ್ಡ ಬಿದ್ದು ಕಾಪಾಡಿಕೊಂಡರೂ ಕೈಸಂದಿಯಲ್ಲಿ ತುಪ್ಪ ಸುರಿಯುತ್ತಾರೆ. ಇಲ್ಲಿ ಸಾಕು ಅನ್ನುವ ಕೆಲಸವನ್ನು ಮನೆಯೊಡತಿಯೇ ಮಾಡಿ ಮುಗಿಸುತ್ತಾಳೆ. ನಾನು ಬೆಳಗಾವಿಯಿಂದ ಒಯ್ದ ಕುಂದಾ ಸಿಹಿಯ ಪೊಟ್ಟಣ ಕೊಟ್ಟೆ. ಅನ್ನೆಕ ಅದನ್ನು ಚಾಕುವಿನಿಂದ ನಮ್ಮ ಔಷಧದ ಗುಳಿಗೆಯಷ್ಟಷ್ಟೇ ತುಂಡು ಮಾಡಿ, ದಿನಕ್ಕೊಂದರಂತೆ ಕಾಫಿಯ ಜೊತೆ ತಿಂದಳು. ನಮ್ಮ ಮನೆಯಲ್ಲಿ ಅದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಖಾಲಿ.

ಅಡುಗೆಮನೆಯ ಗೋಡೆಯಲ್ಲಿ ಒಂದು ವಿಚಿತ್ರ ಚಮಚ ನೇತಾಡುತ್ತಿತ್ತು. ಅದರ ತುದಿಗೆ ಗರಗಸದ ಹಾಗೆ ಸಣ್ಣ ಹಲ್ಲು. ಯಾತಕ್ಕೆ ಎಂದು ಕೇಳಬೇಕೆಂದುಕೊಂಡು ಮರೆತೆ. ಆಗಲೇ ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಪ್ರಯೋಗಾಲಯ

ಪ್ರಯೋಗಾಲಯದ ಯಜಮಾನನ ಹೆಸರು ಯೋಸ್ಟ್. ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಾದ ಎತ್ತರ. ಕಲಿಯಲು ಬಂದವರು ಮೊದಲು ತಮ್ಮ ರಕ್ತವನ್ನೇ ಎಣಿಸಿ ಕಲಿಯುವುದು ಅಲ್ಲಿನ ರೂಢಿ. ನನ್ನದು ಆರೋಗ್ಯವಂತರ ರಕ್ತವಲ್ಲ, ಅತ್ತೆಯ ಕಿಡ್ನಿ ಇದೆ, ಗುಳಿಗೆ ನುಂಗುತ್ತೇನೆ ಎಂದೆ. ಆತ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. "ಅತ್ತೆಯದಾ?" ಎಂದು ಎರಡು ಸಲ ಕೇಳಿದ. ಕೇಳಿದ್ದು ಸರಿಯೇ ಎಂದು ಗೊತ್ತಾದ ಮೇಲೆ ಎದ್ದು ನನ್ನ ಕೈ ಕುಲುಕಿದ. ಆಮೇಲೆ ಕ್ರಮಬದ್ಧವಾಗಿ ಒಪ್ಪಿಗೆ ಪಡೆದು ರಕ್ತ ತೆಗೆದರು. ಇರುವಷ್ಟು ದಿನ ಯಾರಾದರೂ ನೋಡಿಕೊಳ್ಳಲಿ ಎಂದು ಆಸ್ಪತ್ರೆಯ ಕಿಡ್ನಿ ವೈದ್ಯೆಯೊಬ್ಬರ ಬಳಿಗೂ ಕಳಿಸಿದರು.

ಯಂತ್ರ ಒಂದು ಕಪಾಟಿನಷ್ಟಿತ್ತು. ಕೋಶಗಳಿಗೆ ಹೊಳೆಯುವ ಬಣ್ಣ ಹಚ್ಚಿ ಸಣ್ಣ ನಾಳದಲ್ಲಿ ಸಾಲಾಗಿ ಹಾಯಿಸುತ್ತಾರೆ. ಒಂದೊಂದೂ ಬೆಳಕಿನ ಮುಂದೆ ಹಾದಾಗ ಪರದೆಯ ಮೇಲೆ ಒಂದು ಚುಕ್ಕಿ ಬೀಳುತ್ತದೆ. ಯೋಸ್ಟ್ ಪರದೆಯ ಮೂಲೆಯೊಂದನ್ನು ತೋರಿಸಿದ. ಅಲ್ಲಿ ಬೀಳುವವು ಹೊಡೆದಾಡುವ ಕೋಶಗಳಲ್ಲ, ಹೊಡೆದಾಡುವವರನ್ನು ತಡೆಯುವ ಕೋಶಗಳು. ಪುಸ್ತಕದ ಭಾಷೆಯಲ್ಲಿ ನಿಯಂತ್ರಕ ಟಿ ಕೋಶಗಳು. ಇವು ಸಾಕಷ್ಟಿದ್ದರೆ ಮೈ ಹೊಸ ಅಂಗವನ್ನು ತಾನಾಗಿಯೇ ಮನೆಯವರೆಂದು ಒಪ್ಪಿಕೊಳ್ಳಬಹುದು ಎಂಬುದು ಆಗ ಎಲ್ಲರ ಆಸೆ.

"ಆದರೆ ನಿಮ್ಮ ಗುಳಿಗೆಯಿಂದ ಒಂದು ತೊಂದರೆ ಇರಬಹುದು" ಎಂದ. "ತಡೆಯುವ ಕೋಶಗಳು ಬದುಕಲು ಒಂದು ರಸ ಬೇಕು. ಅದನ್ನು ಅವು ತಾವೇ ಮಾಡಿಕೊಳ್ಳಲಾರವು. ಮಾಡುವುದು ಹೊಡೆದಾಡುವ ಕೋಶಗಳು. ಸೈಕ್ಲೋಸ್ಪೋರಿನ್ ಆ ರಸವನ್ನೇ ನಿಲ್ಲಿಸುತ್ತದೆ."

ನನಗೆ ತಟ್ಟನೆ ಬೆಳಗಾವಿ ನೆನಪಾಯಿತು. ನಮ್ಮ ಗಲ್ಲಿಗಳಲ್ಲಿ ಪಂಚರು ಅಂತ ಇರುತ್ತಾರೆ, ನಾಲ್ಕು ಜನ ಹಿರಿಯರು. ಕನ್ನಡ–ಮರಾಠಿ ಎಂದೋ ಮೆರವಣಿಗೆಯ ದಾರಿ ಎಂದೋ ಹುಡುಗರು ತೋಳೇರಿಸಿದರೆ ಇವರು ಅಡ್ಡ ನಿಂತು, "ಸಾಕ ಮಾಡ್ರಿ, ಮನಿಗೆ ನಡೀರಿ" ಎನ್ನುತ್ತಾರೆ. ಈ ಪಂಚರು ಕೂರುವುದು ಅದೇ ಹುಡುಗರ ಚಹಾದಂಗಡಿಯ ಕಟ್ಟೆಯ ಮೇಲೆ, ಕುಡಿಯುವುದು ಅದೇ ಹುಡುಗರು ತಂದುಕೊಡುವ ಚಹಾ. ಕರ್ಫ್ಯೂ ಹಾಕಿದರೆ ಕಲ್ಲು ಎತ್ತುವವರೂ ಒಳಗೆ, ಬಿಡಿಸುವ ಪಂಚರೂ ಒಳಗೆ, ಚಹಾದಂಗಡಿಯೂ ಬಂದ್. ಊರು ತಣ್ಣಗಿರುತ್ತದೆ, ಖರೆ. ಆದರೆ ಕರ್ಫ್ಯೂ ತೆಗೆದ ದಿನ ಅಡ್ಡ ನಿಲ್ಲಲು ಪಂಚರಿಗೆ ತ್ರಾಣವೇ ಇರುವುದಿಲ್ಲ. ಇದನ್ನೆಲ್ಲ ನಾನು ನನ್ನ ಬೆಳಗಾವಿ ಇಂಗ್ಲಿಷಿನಲ್ಲಿ, ಕೈಬಾಯಿ ತಿರುಗಿಸಿ ಯೋಸ್ಟ್‌ಗೆ ಹೇಳಿದೆ. ಆತ ಬಿದ್ದು ಬಿದ್ದು ನಕ್ಕ. ಅಂದಿನಿಂದ ಆ ಪ್ರಯೋಗಾಲಯದಲ್ಲಿ ಆ ಕೋಶಗಳ ಹೆಸರೇ "ಪಂಚ" ಎಂದಾಯಿತು. ಡಚ್ಚರ ನಾಲಿಗೆಯಲ್ಲಿ ಅದು "ಪಂಖ" ಎಂದು ಗಂಟಲಿನಿಂದ ಬರುತ್ತಿತ್ತು.

ದೂರದ ಯಾವುದೋ ದ್ವೀಪದ ಮಣ್ಣಿನಲ್ಲಿ ಸಿಕ್ಕ ಇನ್ನೊಂದು ಔಷಧವಿದೆ, ಅದು ಹುಡುಗರ ಗುಂಪು ಬೆಳೆಯದಂತೆ ತಡೆದರೂ ಚಹಾದಂಗಡಿ ಮುಚ್ಚಿಸುವುದಿಲ್ಲ, ಪಂಚರು ಬದುಕಿಕೊಳ್ಳುವಂತೆ ಕಾಣುತ್ತದೆ ಎಂದೂ ಯೋಸ್ಟ್ ಹೇಳಿದ. ಇದೆಲ್ಲ ಇಲಿಗಳಲ್ಲಿ ಮತ್ತು ಗಾಜಿನ ತಟ್ಟೆಗಳಲ್ಲಿ ಕಂಡದ್ದು, ಮನುಷ್ಯರಲ್ಲಿ ಇನ್ನೂ ನೋಡುತ್ತಿದ್ದೇವೆ ಎಂದು ಕೂಡಲೇ ಸೇರಿಸಿದ.

ಆಮೇಲೆ ನನ್ನ ರಕ್ತದ ಸರದಿ ಬಂತು. ಚುಕ್ಕಿಗಳು ಮಳೆಯ ಹಾಗೆ ಬಿದ್ದವು, ಪಂಚರ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಅಲ್ಲೊಂದು ಇಲ್ಲೊಂದು. ವೈದ್ಯೆ ಅಳೆಸಿದ ಔಷಧದ ಮಟ್ಟವೂ ಆಕಾಶದಲ್ಲೇ ಇತ್ತು. ಆ ಸಂಜೆ ಕಾಲುವೆಯ ದಂಡೆಯ ಮೇಲೆ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ತಡಕೋರಿ ಅತ್ತಿ" ಎಂದೆ. ಬಾತುಕೋಳಿಯೊಂದು ನನ್ನನ್ನೇ ನೋಡುತ್ತಿತ್ತು.

ಅಕ್ಟೋಬರ್

ಅಕ್ಟೋಬರ್ ಮೂರಕ್ಕೆ ಲೈಡನ್ ಊರಿಗೆ ಊರೇ ಹಬ್ಬ ಮಾಡುತ್ತದೆ. ಹಿಂದೊಮ್ಮೆ ವೈರಿಗಳು ಮುತ್ತಿಗೆ ಹಾಕಿ ಊರು ಹಸಿವಿನಿಂದ ಸಾಯುತ್ತಿತ್ತಂತೆ, ಮುತ್ತಿಗೆ ಬಿಟ್ಟ ದಿನ ಸಿಕ್ಕ ಊಟವನ್ನೇ ಇಂದಿಗೂ ಪ್ರಸಾದದ ಹಾಗೆ ಹಂಚಿ ತಿನ್ನುತ್ತಾರೆ. ಅದು ಬಿಳಿ ಬ್ರೆಡ್ಡು ಮತ್ತು ಉಪ್ಪಿನಲ್ಲಿಟ್ಟ ಹಸಿ ಮೀನು. ಅನ್ನೆಕ ನನ್ನನ್ನು ಸಾಲಿನಲ್ಲಿ ನಿಲ್ಲಿಸಿದಳು. ಬ್ರೆಡ್ಡು ನನಗೆ, ಮೀನು ಅವಳಿಗೆ ಎಂದು ಒಪ್ಪಂದ. ಮಂದಿ ಮೀನಿನ ಬಾಲ ಹಿಡಿದು ತಲೆ ಮೇಲಕ್ಕೆತ್ತಿ ಬಾಯಿಗೆ ಇಳಿಸಿಕೊಳ್ಳುವುದನ್ನು ಕಂಡು ಲಿಂಗಾಯತಳಾದ ನಾನು ಬ್ರೆಡ್ಡು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆಯ ಕಿಡ್ನಿ ಏನೆಂದುಕೊಂಡಿತೋ. ರಾತ್ರಿ ಗಜ್ಜರಿ, ಉಳ್ಳಾಗಡ್ಡಿ, ಆಲೂಗಡ್ಡೆ ಬೇಯಿಸಿ ಹಿಸುಕಿದ ಮುದ್ದೆ. ಉಪ್ಪು ಬಿಟ್ಟರೆ ಬೇರೇನಿಲ್ಲ. ಊರಿಂದ ತಂದ ಗುರೆಳ್ಳು ಚಟ್ನಿಪುಡಿಯನ್ನು ಮೇಲೆ ಉದುರಿಸಿಕೊಂಡೆ. ಅನ್ನೆಕಳೂ ಒಂದು ಚಿಟಿಕೆ ಹಾಕಿಸಿಕೊಂಡು, ಕೆಮ್ಮಿ, ಇನ್ನೊಂದು ಚಿಟಿಕೆ ಕೇಳಿದಳು. ಈ ಸಲ ಮುಚ್ಚಳ ಮುಚ್ಚಿದವಳು ನಾನು.

ಸೈಕಲ್ಲಿನಿಂದ ಒಮ್ಮೆ ಬಿದ್ದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಕಲಿತ ವಿದ್ಯೆ ಲೈಡನ್ನಿನ ಒದ್ದೆ ಕಲ್ಲಿಗೆ ಆಗಿಬರಲಿಲ್ಲ. ಓಢಣಿ ಚೈನಿಗೆ ಸಿಕ್ಕಿತು. ಬೀಳುವಾಗಲೂ ಬುದ್ಧಿ ಇಟ್ಟುಕೊಂಡು ಎಡಕ್ಕೇ ಬಿದ್ದೆ. ಮೊಣಕೈ ತರಚಿತು, ಅತ್ತೆಗೆ ಏನೂ ಆಗಲಿಲ್ಲ. ಓಡಿ ಬಂದ ಇಬ್ಬರು ಹುಡುಗಿಯರು ಸೈಕಲ್ ಎತ್ತುವ ಬದಲು ಮೊದಲು ಚೈನು ತಿರುಗಿಸಿ ಓಢಣಿಯನ್ನು ಹರಿಯದ ಹಾಗೆ ಬಿಡಿಸಿಕೊಟ್ಟರು.

ನವೆಂಬರ್, ಹಲ್ಲಿನ ಚಮಚ

ತಿಂಗಳು ಕಳೆದ ಮೇಲೆ ವೈದ್ಯೆ ನನ್ನ ಹೊಸ ರಿಪೋರ್ಟು ಹಿಡಿದು ಹುಬ್ಬು ಗಂಟಿಕ್ಕಿ ಕೂತಿದ್ದರು. ಆದರೆ ಸುದ್ದಿ ಕೆಟ್ಟದ್ದಲ್ಲ. ಔಷಧದ ಮಟ್ಟ ಇಳಿದು ಎಷ್ಟಿರಬೇಕೋ ಅಷ್ಟಕ್ಕೆ ನಿಂತಿತ್ತು. ಪ್ರತಿ ವಾರ ನೋಡಿದರೂ ಅಲ್ಲೇ. ಕಿಡ್ನಿಯ ಅಂಕಿ ಕೂಡ ಸುಧಾರಿಸಿತ್ತು.

"ಅದೇ ಗುಳಿಗೆ, ಅಷ್ಟೇ ಪ್ರಮಾಣ. ಊರಲ್ಲಿ ಯಾಕೆ ಕುಣಿಯುತ್ತಿತ್ತು? ಅಲ್ಲಿ ತಿನ್ನುತ್ತಿದ್ದುದು, ಇಲ್ಲಿ ತಿನ್ನದೆ ಇರುವುದು ಏನು?" ಎಂದು ಕೇಳಿದರು. ನಾನು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಝುಣಕ, ಕೆಂಪು ಮೆಣಸಿನಕಾಯಿ ಎಂದು ಶುರು ಮಾಡಿದೆ. ಹೇಳುತ್ತಾ ಹೋದಂತೆ ಬಾಯಲ್ಲಿ ನೀರು ಬಂತು, ಉತ್ತರ ಬರಲಿಲ್ಲ. ಇಲ್ಲಿ ಬರೀ ಬ್ರೆಡ್ಡು ತಿನ್ನುತ್ತಿರುವವಳು ಬಿಟ್ಟದ್ದು ಊರಿನ ಊಟವನ್ನೆಲ್ಲ, ಯಾವುದೊಂದನ್ನು ಹೇಳಲಿ! ಯೋಚಿಸಿ ಬನ್ನಿ ಎಂದರು.

ಮರುದಿನ ಭಾನುವಾರ. ಅನ್ನೆಕ ಒಂದು ಹಳದಿ ಹಣ್ಣನ್ನು ಎರಡು ಹೋಳು ಮಾಡಿ ಬಟ್ಟಲಲ್ಲಿಟ್ಟು, ಗೋಡೆಯ ಮೇಲಿನ ಹಲ್ಲಿನ ಚಮಚ ತೆಗೆದು ನನ್ನ ಮುಂದಿಟ್ಟಳು. "ನನ್ನ ಮದುವೆಗೆ ಬಂದ ಚಮಚ. ಈ ಹ್ರೇಪ್‌ಫ್ರೂಟ್ ನನಗೆ ತುಂಬಾ ಇಷ್ಟ. ಎದೆಯ ಔಷಧ ಶುರುವಾದ ಮೇಲೆ ನನಗೆ ಬೇಡ ಎಂದಿದ್ದಾರೆ. ನೀನು ತಿನ್ನು, ನಾನು ನೋಡುತ್ತೇನೆ" ಎಂದಳು. ಎದುರಿಗೆ ಕೈಕಟ್ಟಿ ಕೂತಳು. ಅವಳ ಮುಖದಲ್ಲಿ ಹಬ್ಬದ ಕಳೆ.

ಚಮಚದ ಹಲ್ಲು ತಾಗಿದ ಕೂಡಲೇ ಹಣ್ಣಿನ ವಾಸನೆ ಮೂಗಿಗೆ ಬಂತು. ಖಾನಾಪುರದ ಹಿತ್ತಲು! ಅದೇ ಹುಳಿ ಘಮ, ಹಿಂದಿನಿಂದ ಅದೇ ಸಣ್ಣ ಕಹಿ. "ಅನ್ನೆಕ, ಇದು ನಮ್ಮ ಅತ್ತೆಯ ಗಿಡದ ಮೊಮ್ಮಗು" ಎಂದು ಕೂಗಿದೆ. ಇನ್ನೇನು ಬಾಯಿಗಿಡಬೇಕು, ಚಮಚ ಅಲ್ಲೇ ನಿಂತಿತು. ಆಪರೇಷನ್ನಿನ ಮೇಲೆ ಬೆಳಗಾವಿಯ ಡಾಕ್ಟರು ಬೇಡವೆಂದ ತಿನಿಸುಗಳಲ್ಲಿ ಒಂದು ವಿಲಾಯತಿ ಹಣ್ಣೂ ಇತ್ತು, ಅನ್ನೆಕ ಗಂಟಲಿನಿಂದ ಹೇಳಿದ ಅದೇ ಹೆಸರಿನದು. ಗ್ರೇಪ್‌ಫ್ರೂಟ್. "ಅದು ನಮ್ಮ ಮಾರ್ಕೆಟ್ಟಿನ್ಯಾಗ ಎಲ್ಲಿ ಸಿಗಬೇಕ್ರಿ ಡಾಕ್ಟರ್" ಎಂದು ನಾನು ನಕ್ಕಿದ್ದೆ, ಅವರೂ ನಕ್ಕಿದ್ದರು.

"ನಿನಗೆ ಯಾಕೆ ಬೇಡ ಎಂದರು?" ಎಂದು ಅನ್ನೆಕಳನ್ನು ಕೇಳಿದೆ. ಚಮಚವನ್ನು ಬಟ್ಟಲಿಗೆ ಮರಳಿಸಿದೆ.

"ಮೈ ಔಷಧವನ್ನು ಕರಗಿಸುವ ಕೆಲಸಕ್ಕೆ ಈ ಹಣ್ಣು ಅಡ್ಡ ಬರುತ್ತದಂತೆ. ಒಂದು ಗುಳಿಗೆ ಎರಡಾಗುತ್ತದೆ ಎಂದರು."

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ವೈದ್ಯೆಯ ಕೋಣೆಯ ಮುಂದೆ ನಿಂತಿದ್ದೆ. ಅವರು ಚಕ್ಕೋತ ಎಂದರೇನೆಂದು ಕೇಳಿ ತಿಳಿದುಕೊಂಡು, ಪುಸ್ತಕ ತೆರೆದು ಚಿತ್ರ ತೋರಿಸಿದರು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತಕ್ಕೂ ಕಿತ್ತಳೆಗೂ. ಮಗುವಿನ ಗುಣ ಅವ್ವನಲ್ಲಿ ಇಲ್ಲದೆ ಇರುತ್ತದೆಯೆ? ಹಣ್ಣಿನ ಕಾಲದಲ್ಲಿ ಗುಳಿಗೆ ಏರುವುದು, ಡಾಕ್ಟರು ಪ್ರಮಾಣ ಇಳಿಸುವುದು, ಹಣ್ಣು ಮುಗಿದ ಮೇಲೆ ಗುಳಿಗೆ ಸಾಲದೆ ಕೋಶಗಳು ಏಳುವುದು, ಮತ್ತೆ ಏರಿಸುವುದು. ನಾಲ್ಕು ವರ್ಷದ ಹಗ್ಗಜಗ್ಗಾಟ ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು. ಬಂದ ಕೂಡಲೇ ತೆಗೆದ ರಕ್ತದಲ್ಲಿದ್ದುದು ವಿಮಾನದಲ್ಲಿ ಮುಗಿಸಿದ ಹಣ್ಣು. ರಿಪೋರ್ಟು ನೆಟ್ಟಗಾಗಲೆಂದು ಅತ್ತೆ ಹಣ್ಣು ಬಿಟ್ಟರು, ಬಿಟ್ಟ ಹಣ್ಣು ನನಗೆ ಬಂತು, ಬಂದ ಹಣ್ಣು ರಿಪೋರ್ಟನ್ನು ನೆಟ್ಟಗಾಗಲು ಬಿಡಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳು. ವೈದ್ಯೆ ಎರಡಕ್ಕೂ ಸೇರಿಸಿ ಒಂದು ಲೋಟ ನೀರು ಕೊಟ್ಟರು.

ಹೊರಡುವ ವಾರ ಯೋಸ್ಟ್ ಮತ್ತೊಮ್ಮೆ ನನ್ನ ರಕ್ತ ಹಾಯಿಸಿದ. ಈ ಸಲ ಎಣಿಸಿದವಳು ನಾನೇ. ಪಂಚರ ಮೂಲೆಯಲ್ಲಿ ಚುಕ್ಕಿಗಳು ಕಟ್ಟೆಯ ಮೇಲೆ ಬಂದು ಕೂತ ಹಾಗೆ ಒಂದಷ್ಟು ಕೂಡಿದ್ದವು. ನಾನು ಕುಣಿಯಲು ಸಿದ್ಧಳಾದೆ. ಯೋಸ್ಟ್ ಕೈಯೆತ್ತಿದ. "ಒಬ್ಬರ ರಕ್ತ, ಎರಡೇ ಸಲ. ಇದರಿಂದ ಏನೂ ಸಾಬೀತಾಗುವುದಿಲ್ಲ" ಎಂದ. ಆಮೇಲೆ ಅತ್ತಿತ್ತ ನೋಡಿ, "ಆದರೆ ನನಗೂ ಖುಷಿಯಾಗಿದೆ" ಎಂದ. ಗುಳಿಗೆಯ ಕರ್ಫ್ಯೂ ತೆಗೆದಿರಲಿಲ್ಲ, ಸಡಿಲಿಸಿದ್ದರು ಅಷ್ಟೆ. ನಮ್ಮೂರಿನವರಿಗೆ ಗೊತ್ತು, ಸಡಿಲಿಕೆಯ ಎರಡು ತಾಸಿನಲ್ಲಿ ಎಷ್ಟೊಂದು ಮನೆಗಳಿಗೆ ಹಾಲು ಮುಟ್ಟುತ್ತದೆ ಅಂತ.

ಗಂಡನಿಗೆ ಫೋನ್ ಮಾಡಿದೆ. ಹಣ್ಣಿನ ಕತೆಯನ್ನೆಲ್ಲ ಹೇಳಿದೆ.

"ಅವ್ವಗ ಹೆಂಗ ಹೇಳೂದು?" ಎಂದರು. "ಗಿಡಕ್ಕ ರೋಗಾ ಬಂದೈತಿ ಅಂತ ಹೇಳಿ ಕಡಿಸಿಬಿಡೂಣೇನು?"

"ಗಿಡಾ ಕಡದ್ರ ನಮ್ಮಿಬ್ಬರನ್ನೂ ಕಡೀತಾರ್ರಿ ಅವ್ರು. ನಾ ಬಂದು ಹೇಳ್ತೀನಿ, ಸುಮ್ನ ಇರ್ರಿ."

ಬೀಳ್ಕೊಡುವಾಗ ಅನ್ನೆಕ ಹಲ್ಲಿನ ಚಮಚವನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. "ನಿನ್ನ ಅತ್ತೆಗೆ. ಇಲ್ಲಿ ಸುಮ್ಮನೆ ಗೋಡೆ ನೋಡುತ್ತಿದೆ."

ದೇಸೂರ

ಬೆಳಗಾವಿಯ ಡಾಕ್ಟರು ಕತೆ ಕೇಳಿ ತಮ್ಮ ಹಣೆ ತಟ್ಟಿಕೊಂಡು, "ನಮ್ಮನ್ಯಾಗೂ ಚಕ್ಕೋತದ ಗಿಡಾ ಐತ್ರಿ ಮೇಡಂ!" ಎಂದರು. ಮತ್ತೆ ರಕ್ತ ನೋಡಿದರು. ಅಂಕಿ ಲೈಡನ್ನಿನಲ್ಲಿ ಇದ್ದಷ್ಟೇ ನೆಟ್ಟಗಿತ್ತು. ಗುಳಿಗೆ ಬದಲಿಸುವ ಅವಸರ ಈಗ ಬೇಡ, ಆ ದ್ವೀಪದ ಹೊಸ ಔಷಧ ಮುಂದೆ ಬೇಕಾದರೆ ಇದ್ದೇ ಇದೆ ಎಂದರು.

ಮರುದಿನ ಗಂಡನ ಜೊತೆ ಖಾನಾಪುರದ ರೈಲು ಹತ್ತಿದೆ. ಏಳು ಸಮುದ್ರ ದಾಟುವಾಗ ಇಲ್ಲದ ಭಯ ದೇಸೂರ ಸ್ಟೇಷನ್ ದಾಟುವಾಗ ಹತ್ತಿತು. ನಿಮ್ಮ ಪ್ರೀತಿಯೇ ನಿಮ್ಮ ಕಿಡ್ನಿಯನ್ನು ಕಾಡಿತು ಎಂದು ಒಬ್ಬ ತಾಯಿಗೆ ಹೇಗೆ ಹೇಳುವುದು? ಪಂಚರನ್ನು ಎಣಿಸಲು ಕಲಿತು ಬಂದವಳಿಗೆ ನಾಲ್ಕು ವರ್ಷದಲ್ಲಿ "ಸಾಕು" ಎಂಬ ಒಂದು ಮಾತು ಆಡಲು ಆಗಿರಲಿಲ್ಲ.

ಮತ್ತೆ ಖಾನಾಪುರ

ಅತ್ತೆ ಪಡಸಾಲೆಯಲ್ಲಿ ತಾಟು ಸಿದ್ಧ ಮಾಡಿಕೊಂಡೇ ಕೂತಿದ್ದರು. ಸುಲಿದ ತೊಳೆಗಳು, ಮೇಲೆ ಚೂರು ಉಪ್ಪು, ಖಾರದ ಪುಡಿ.

"ಬಾ ಯವ್ವಾ, ಎಷ್ಟ್ ಸೊರಗೀಯಲ್ಲ! ಮೊದ್ಲ ತಿನ್ನು, ಆಮ್ಯಾಲ ಮಾತು."

"ಬ್ಯಾಡ್ರಿ ಅತ್ತಿ" ಎಂದೆ.

ಗಂಡ ಗೋಡೆಗೆ ಆನಿಸಿಕೊಂಡರು. ಒಳಗೆ ಪಾತ್ರೆ ತಿಕ್ಕುತ್ತಿದ್ದ ನೆಗೆಣ್ಣಿಯ, ಮನೆಯ ದೊಡ್ಡ ಸೊಸೆಯ, ಕೈ ನಿಂತಿತು. ನಾನು ನೆಲದ ಮೇಲೆ ಅವರ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಹಣ್ಣು ಗುಳಿಗೆಯನ್ನು ಹೇಗೆ ಜೋರು ಮಾಡುತ್ತದೆ, ಗುಳಿಗೆ ಕಿಡ್ನಿಯನ್ನು ಹೇಗೆ ಸವೆಸುತ್ತದೆ, ಒಳಗಿನ ಪಂಚರು ಹೇಗೆ ಉಪವಾಸ ಬೀಳುತ್ತಾರೆ.

"ಅಂದ್ರ, ಕೊಟ್ಟಾಕೀನೂ ನಾನ, ಕಾಡಿದಾಕೀನೂ ನಾನ" ಎಂದರು ಕೊನೆಗೆ, ತಾಟು ನೋಡುತ್ತಾ.

"ಹಂಗಲ್ರಿ ಅತ್ತಿ" ಎನ್ನುತ್ತಾ ಅತ್ತೇಬಿಟ್ಟೆ.

"ಅಳಬ್ಯಾಡ, ಹುಚ್ಚಿ. ಅತ್ತಿ ಅಂದಮ್ಯಾಲ ಒಂದೀಟರೆ ಕಾಡಬೇಕಲ್ಲ? ಎಲ್ಲಾ ಒಳ್ಳೇದ ಮಾಡಿದ್ರ ಮಂದಿ ಏನಂದಾರು?" ಸೆರಗಿನಿಂದ ನನ್ನ ಮುಖ ಒರೆಸಿದರು. ಆಮೇಲೆ ಏನೋ ಹೊಳೆದವರಂತೆ ಕೈ ತಡೆದರು. "ಈಗ ರಿಪೋರ್ಟ್ ಹೆಂಗೈತಿ?"

"ನೆಟ್ಟಗೈತ್ರಿ. ನಾಕು ವರ್ಷದಾಗ ಮೊದಲ್ನೇ ಸಲ."

"ಖರೇನ ನೆಟ್ಟಗ? ನನ್ನ ಮುಂದ ಸುಳ್ಳ ಹೇಳಬ್ಯಾಡ."

"ಖರೇನ ಅವ್ವಾ" ಎಂದರು ಗೋಡೆಯ ಬಳಿಯಿಂದ ಗಂಡ. "ಇಲ್ಲಿ ಡಾಕ್ಟರೂ ನೋಡ್ಯಾರ."

ಅತ್ತೆ ಮಠದ ದಿಕ್ಕಿಗೆ ತಿರುಗಿ ಕೈ ಮುಗಿದರು. ತಾಟನ್ನು ತಮ್ಮ ಕಡೆ ಎಳೆದುಕೊಂಡರು. ನಾನು ಚೀಲದಿಂದ ಅನ್ನೆಕಳ ಚಮಚ ತೆಗೆದುಕೊಟ್ಟೆ. "ಇದೇನವಾ, ಚಮಚಾಕ್ಕೂ ಹಲ್ಲು!" ಎಂದು ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, ಬೆರಳಿನಿಂದಲೇ ಒಂದು ತೊಳೆ ಎತ್ತಿ ಬಾಯಿಗೆ ಹಾಕಿಕೊಂಡರು. ಕಣ್ಣು ತಾನಾಗಿ ಮುಚ್ಚಿತು. ರಸ ಗದ್ದದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ನಾಲ್ಕು ವರ್ಷ ಇದೇ ಹಣ್ಣನ್ನು ಸುಲಿದು ಸುಲಿದು ಕಳಿಸಿದ ಕೈ ಈಗ ಒಂದರ ಹಿಂದೊಂದು ತೊಳೆ ಎತ್ತಿ ಅವರ ಬಾಯಿಗೇ ಹಾಕುತ್ತಿತ್ತು.

ಲೈಡನ್ನಿನಲ್ಲಿ ಅನ್ನೆಕ ಕೈಕಟ್ಟಿಕೊಂಡು ಕೂತಿದ್ದ ಹಾಗೆ ನಾನೂ ಕೂತೆ. ಕಿಡ್ನಿಯನ್ನು ಅವರಿಗೆ ನಾನು ಈ ಜನ್ಮದಲ್ಲಿ ಮರಳಿ ಕೊಡಲಾರೆ. ಹಣ್ಣನ್ನಾದರೂ ಕೊಟ್ಟೆನಲ್ಲ ಎಂದು ಸುಮ್ಮನೆ ನೋಡುತ್ತಿದ್ದೆ.

ಅತ್ತೆ ಒಂದು ಕಣ್ಣು ತೆರೆದರು.

"ಏನ್ ಹಂಗ ನೋಡ್ತಿ? ಒಂದ್ ತೊಳೀನೂ ಕೊಡೂದಿಲ್ಲ ನಿನಗ."